ಅಡ್ಡಾದಿಡ್ಡಿ ಅಂಕಿಗಳ ಫೈಲನ್ನು ಸಿ ಭಾಷೆಯಲ್ಲಿ ಓದುವುದು ಹೇಗೆ?

ಪ್ರಶ್ನೆ: ನನ್ನ ಎಂ.ಟೆಕ್ ಪ್ರಾಜೆಕ್ಟ್‌ಗೆ ಹಲವು ಹವಾಮಾನ ಕೇಂದ್ರಗಳ ದಿನದಿನದ ಮಳೆ, ಉಷ್ಣಾಂಶದ ಅಂಕಿಗಳು ಟೆಕ್ಸ್ಟ್ ಫೈಲುಗಳಲ್ಲಿ ಸಿಕ್ಕಿವೆ. ಒಂದು ಸಾಲಿಗೆ ಒಂದು ತಿಂಗಳು. ಮೊದಲು ಕೇಂದ್ರದ ನಂಬರು, ವರ್ಷ, ತಿಂಗಳು, ಆಮೇಲೆ ದಿನದ ಅಂಕಿಗಳು. ಆದರೆ ಒಂದು ಫೈಲು ಇದ್ದಂತೆ ಇನ್ನೊಂದಿಲ್ಲ. ಕೆಲವದರಲ್ಲಿ ಕಾಮಾ, ಕೆಲವದರಲ್ಲಿ ಟ್ಯಾಬ್, ಕೆಲವದರಲ್ಲಿ ಬರೀ ಸ್ಪೇಸ್. ಅಳತೆ ಇಲ್ಲದ ದಿನಕ್ಕೆ ಒಂದು ಕಡೆ ಅಡ್ಡಗೆರೆ, ಒಂದು ಕಡೆ -99.9, ಇನ್ನೊಂದು ಕಡೆ ಖಾಲಿ. ನಡುನಡುವೆ ಟಿ, ಇ ಥರದ ಅಕ್ಷರಗಳೂ ಇವೆ. ಫೈಲು ಮುಗಿಯಿತೇ ಎಂದು ಹೇಳುವ ಎಫ್‌ಇಒಎಫ್ ಫಂಕ್ಷನ್ ನಿಜ ಆಗುವವರೆಗೆ ವೈಲ್ ಲೂಪ್ ಹಾಕಿ, ಫೈಲಿನಿಂದ ಅಂಕಿ ಓದುವ ಎಫ್‌ಸ್ಕ್ಯಾನ್‌ಎಫ್ ಫಂಕ್ಷನ್‌ನಿಂದ ಒಂದೊಂದೇ ಡಬಲ್ (ದಶಮಾಂಶ ಸಂಖ್ಯೆ) ಓದುತ್ತಿದ್ದೇನೆ. ಕೆಲವು ಫೈಲಿಗೆ ಪ್ರೋಗ್ರಾಂ ಹ್ಯಾಂಗ್ ಆಗುತ್ತದೆ. ಕೆಲವಕ್ಕೆ ಕೊನೆಯ ಅಂಕಿ ಎರಡು ಸಲ ಬರುತ್ತದೆ. ಕೆಲವಕ್ಕೆ ಸರಾಸರಿ ತಪ್ಪು. ಸಿ ಬಿಟ್ಟು ಪೈಥಾನ್‌ಗೆ ಹೋಗಿಬಿಡಲೇ?

ಉತ್ತರ: ಪೈಥಾನ್ ವಿಷಯ ಕೊನೆಗೆ ನೋಡೋಣ. ಮೊದಲು ನಿಮ್ಮ ಲೂಪಿನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯಬೇಕು. ಇಲ್ಲದಿದ್ದರೆ ಯಾವ ಭಾಷೆಗೆ ಹೋದರೂ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ.

ಎಫ್‌ಸ್ಕ್ಯಾನ್‌ಎಫ್‌ನ ಕಣ್ಣಿಗೆ ಸಾಲು ಅನ್ನುವುದೇ ಇಲ್ಲ. ಡಬಲ್ ಓದು ಎಂದು ಪರ್ಸೆಂಟ್ ಎಲ್‌ಎಫ್ ಕೊಟ್ಟರೆ ಅದು ಸ್ಪೇಸ್, ಟ್ಯಾಬ್, ಹೊಸ ಸಾಲು ಎಲ್ಲವನ್ನೂ ಒಂದೇ ಥರ ದಾಟಿಕೊಂಡು ಹೋಗಿ ಮುಂದೆ ಸಿಕ್ಕ ಅಂಕಿ ಹಿಡಿಯುತ್ತದೆ. ಜುಲೈ ಸಾಲಿನಲ್ಲಿ 31ರ ಬದಲು 30 ಅಂಕಿ ಇದ್ದರೆ? 31ನೆಯದನ್ನು ಮುಂದಿನ ಸಾಲಿನಿಂದ ಎತ್ತಿಕೊಳ್ಳುತ್ತದೆ. ಆ ಸಾಲಿನ ಮೊದಲ ಅಂಕಿ ಕೇಂದ್ರದ ನಂಬರು. ಬೆಂಗಳೂರು ಕೇಂದ್ರದ ಅಂತರರಾಷ್ಟ್ರೀಯ ನಂಬರು 43295. ಅಂದರೆ ಜುಲೈ 31ರಂದು ಬೆಂಗಳೂರಿನಲ್ಲಿ 43295 ಮಿಲಿಮೀಟರ್ ಮಳೆ! ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಮನೆ ಜರುಗಿರುತ್ತದೆ.

ಹ್ಯಾಂಗ್ ಆಗುವುದಕ್ಕೆ ಕಾರಣ ಇದು. ಓದಬೇಕಾದ ಜಾಗದಲ್ಲಿ ಟಿ ಅಕ್ಷರವೋ ಕಾಮಾವೋ ಇದ್ದರೆ, ಅದರಿಂದ ಯಾವ ಸಂಖ್ಯೆಯೂ ಶುರುವಾಗುವುದಿಲ್ಲ. ಎಫ್‌ಸ್ಕ್ಯಾನ್‌ಎಫ್ ಸೊನ್ನೆ ಹಿಂತಿರುಗಿಸುತ್ತದೆ. ಆ ಅಕ್ಷರವನ್ನು ಮಾತ್ರ ಇದ್ದಲ್ಲೇ ಬಿಡುತ್ತದೆ. ನೀವು ಹಿಂತಿರುಗಿದ ಬೆಲೆ ನೋಡುವುದಿಲ್ಲ, ಮತ್ತೆ ಕರೆಯುತ್ತೀರಿ. ಮತ್ತೆ ಅದೇ ಟಿ, ಮತ್ತೆ ಸೊನ್ನೆ. ಫೈಲಿನ ಕೊನೆ ಬರುವುದೇ ಇಲ್ಲ.

ಒಂಟಿ ಅಡ್ಡಗೆರೆ ಇದ್ದರೆ ಕಥೆ ಇನ್ನೂ ಕೆಟ್ಟದು. ಅಡ್ಡಗೆರೆ ಮೈನಸ್ ಆಗಬಹುದಲ್ಲ, ಹಾಗಾಗಿ ಅದನ್ನು ಎಫ್‌ಸ್ಕ್ಯಾನ್‌ಎಫ್ ನುಂಗಿಬಿಡುತ್ತದೆ. ಆಮೇಲೆ ಸ್ಪೇಸ್ ಕಂಡು, ಇದು ಸಂಖ್ಯೆ ಅಲ್ಲ ಎಂದು ಸೋಲುತ್ತದೆ. ಈಗ ಹ್ಯಾಂಗ್ ಆಗುವುದಿಲ್ಲ. ನಿಮ್ಮ ವೇರಿಯಬಲ್‌ನಲ್ಲಿ ಹಿಂದಿನ ದಿನದ ಬೆಲೆ ಹಾಗೇ ಉಳಿದಿರುತ್ತದೆ, ಅದೇ ಇವತ್ತಿನ ಮಳೆ ಎಂದು ಅರೇಗೆ ಸೇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹ್ಯಾಂಗ್ ಆದ ಫೈಲುಗಳ ಬಗ್ಗೆ ನನಗೆ ಚಿಂತೆ ಇಲ್ಲ. ಸುಮ್ನೆ ಓಡಿಹೋದ ಫೈಲುಗಳ ಬಗ್ಗೆ ಇದೆ.

ಕೊನೆಯ ಅಂಕಿ ಎರಡು ಸಲ ಬರುವುದು ಎಫ್‌ಇಒಎಫ್‌ನ ಕೆಲಸ. ಆ ಫಂಕ್ಷನ್ ಮುಂದೆ ಏನಿದೆ ಅಂತ ನೋಡುವುದಿಲ್ಲ. ಈಗಾಗಲೇ ಓದಲು ಹೋಗಿ ಫೈಲಿನ ಕೊನೆಗೆ ತಗುಲಿದ್ದಾಗಿದೆಯೇ ಅಂತ ಮಾತ್ರ ಹೇಳುತ್ತದೆ. ಕೊನೆಯ ಅಂಕಿಯ ನಂತರ ಇನ್ನೂ ಒಂದು ಹೊಸ ಸಾಲಿನ ಅಕ್ಷರ ಬಾಕಿ ಇರುತ್ತದೆ. ಆದ್ದರಿಂದ ಲೂಪ್ ಇನ್ನೊಂದು ಸುತ್ತು ತಿರುಗುತ್ತದೆ, ಓದು ಸೋಲುತ್ತದೆ, ಹಳೆಯ ಬೆಲೆ ಮತ್ತೊಮ್ಮೆ ಸೇರುತ್ತದೆ. ಲೂಪಿನ ಷರತ್ತು ಯಾವಾಗಲೂ ಓದುವ ಫಂಕ್ಷನ್ ಹಿಂತಿರುಗಿಸಿದ ಬೆಲೆಯೇ ಆಗಿರಬೇಕು. ಎಫ್‌ಇಒಎಫ್ ಬೇಕಾಗುವುದು ಲೂಪ್ ಮುಗಿದ ಮೇಲೆ: ನಿಂತದ್ದು ಫೈಲು ಮುಗಿದು ಅಂತಲೋ, ಡಿಸ್ಕಿನಿಂದ ಓದುವಾಗ ಎಡವಟ್ಟಾಗಿ ಅಂತಲೋ ತಿಳಿಯಲು.

ಸರಾಸರಿಯ ಮಾತು. ಮಳೆಯಲ್ಲಿ -99.9 ಸೇರಿಕೊಂಡರೆ ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ಮಳೆ ಕಡಿಮೆ ಇದ್ದ ತಿಂಗಳಲ್ಲಿ ಸರಾಸರಿ ಮಳೆ ಮೈನಸ್‌ಗೆ ಹೋಗಿ ಕೂತಿರುತ್ತದೆ. ಉಷ್ಣಾಂಶದಲ್ಲಿ ಹಾಗಲ್ಲ. 30 ದಿನ ಸರಿಯಾಗಿ 30 ಡಿಗ್ರಿ, ಒಂದು ದಿನ -99.9 ಅಂತ ಇಟ್ಟುಕೊಳ್ಳಿ. ಸರಾಸರಿ 25.8 ಡಿಗ್ರಿ ಬರುತ್ತದೆ. ನೋಡಿದರೆ ಯಾರಿಗೂ ಅನುಮಾನ ಬರದ ಅಂಕಿ. ನಿಮ್ಮ ಪ್ರೋಗ್ರಾಂ ಕಾಯಬೇಕಾದದ್ದು ಇಂಥ ತಪ್ಪನ್ನು. ಮಳೆ ಬಾರದ ದಿನ ಬೇರೆ, ಅಳೆಯದ ದಿನ ಬೇರೆ. ಈ ಎರಡೂ ಯಾವ ಹಂತದಲ್ಲೂ ಒಂದಾಗಬಾರದು. ಕೆಳಗೆ ಹೇಳುವ ಎಲ್ಲದಕ್ಕೂ ಇದೇ ಗುರಿ.

ಸಿ ಬರೆಯುವ ಮೊದಲು ಫೈಲಿನ ಜನಗಣತಿ ಮಾಡಿ. ಲಿನಕ್ಸ್ ಇದ್ದರೆ ಐದು ನಿಮಿಷದ ಕೆಲಸ. ಆಕ್ ಕಮ್ಯಾಂಡಿನಲ್ಲಿ ಪ್ರತಿ ಸಾಲಿನ ಎನ್‌ಎಫ್, ಅಂದರೆ ಆ ಸಾಲಿನಲ್ಲಿ ಎಷ್ಟು ತುಂಡು ಇವೆ ಎಂಬುದನ್ನು ಮುದ್ರಿಸಿ. ಅದನ್ನು ಸಾರ್ಟ್‌ಗೆ ಕೊಟ್ಟು, ಆಮೇಲೆ ಯೂನಿಕ್‌ಗೆ ಎಣಿಸಲು ಹೇಳಿ. ಕಾಮಾ ಫೈಲಾದರೆ ಆಕ್‌ಗೆ ಕಾಮಾ ಎಂದು ಮೊದಲೇ ತಿಳಿಸಿ. ನಿಮ್ಮ ಲೆಕ್ಕದಲ್ಲಿ ಕೇಂದ್ರ, ವರ್ಷ, ತಿಂಗಳು ಸೇರಿ 31, 32, 33, 34 ತುಂಡುಗಳ ಸಾಲುಗಳು ಮಾತ್ರ ಇರಬೇಕು. 35 ಅಥವಾ 12 ಕಂಡರೆ ಆ ಸಾಲನ್ನು ಕಣ್ಣಾರೆ ನೋಡಿ. ಇನ್ನೊಂದು: ಟಿಆರ್ ಕಮ್ಯಾಂಡಿನಿಂದ ಅಂಕಿ, ಚುಕ್ಕಿ, ಕಾಮಾ, ಮೈನಸ್, ಸ್ಪೇಸ್ ಎಲ್ಲ ಅಳಿಸಿ, ಏನು ಉಳಿಯಿತು ನೋಡಿ. ಉಳಿದದ್ದೇ ನಿಮ್ಮ ತಲೆನೋವಿನ ಪೂರ್ತಿ ಪಟ್ಟಿ. ಕ್ಯಾಟ್ ಕಮ್ಯಾಂಡಿಗೆ ದೊಡ್ಡ ಎ ಆಯ್ಕೆ ಕೊಟ್ಟರೆ ಕಣ್ಣಿಗೆ ಕಾಣದ ಅಕ್ಷರಗಳೂ ಹೊರಬೀಳುತ್ತವೆ. ವಿಂಡೋಸ್‌ನಿಂದ ಬಂದ ಫೈಲಾದರೆ ಪ್ರತಿ ಸಾಲಿನ ಕೊನೆಗೆ ಕ್ಯಾರೆಟ್ ಎಂ ಕಾಣುತ್ತದೆ.

ಈಗ ಪ್ರೋಗ್ರಾಂ. ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ: ಸಾಲು ಎಲ್ಲಿ ಮುಗಿಯುತ್ತದೆ, ತುಂಡು ಎಲ್ಲಿ ಮುಗಿಯುತ್ತದೆ, ತುಂಡಿನಲ್ಲಿರುವುದು ಸಂಖ್ಯೆಯೇ. ಎಫ್‌ಸ್ಕ್ಯಾನ್‌ಎಫ್ ಮೂರನ್ನೂ ಒಟ್ಟಿಗೆ ಕಲಸುತ್ತದೆ. ನೀವು ಮೂರು ಸಣ್ಣ ಫಂಕ್ಷನ್ ಬರೆಯಿರಿ.

ಸಾಲು ಓದಲು ಎಫ್‌ಗೆಟ್ಸ್ ಸಾಕು. ಆದರೆ ಒಂದು ಷರತ್ತು. 256 ಅಕ್ಷರದ ಬಫರ್ (ಓದಿದ್ದನ್ನು ಇಡುವ ಜಾಗ) ಕೊಟ್ಟರೆ ಅದು ಹೆಚ್ಚೆಂದರೆ 255 ಓದುತ್ತದೆ, ಸಾಲು ಅದಕ್ಕಿಂತ ಉದ್ದವಿದ್ದರೆ ಉಳಿದದ್ದನ್ನು ಮುಂದಿನ ಸಲಕ್ಕೆ ಬಿಡುತ್ತದೆ. ನೀವು ಗಮನಿಸದಿದ್ದರೆ ಒಂದು ಸಾಲು ಎರಡಾಗುತ್ತದೆ. ನಡುವೆ ಕತ್ತರಿಸಿದ ಜಾಗ ಒಂದು ಅಂಕಿಯ ಮಧ್ಯೆಯೇ ಇರಬಹುದು. 128.5 ಎಂಬುದು 12 ಮತ್ತು 8.5 ಆಗಿ ಬಂದರೆ ಯಾರೂ ಹಿಡಿಯುವುದಿಲ್ಲ. ಹಾಗಾಗಿ ಓದಿದ ಕೂಡಲೇ ಬಫರಿನಲ್ಲಿ ಹೊಸ ಸಾಲಿನ ಅಕ್ಷರ ಇದೆಯೇ ನೋಡಿ. ಇಲ್ಲ, ಫೈಲೂ ಮುಗಿದಿಲ್ಲ ಎಂದಾದರೆ ಸಾಲು ಉದ್ದವಾಯಿತು ಎಂದು ನಿಲ್ಲಿಸಿ. ಲಿನಕ್ಸ್, ಮ್ಯಾಕ್ ಎರಡರಲ್ಲಿ ಮಾತ್ರ ಓಡಿಸುವುದಾದರೆ ಗೆಟ್‌ಲೈನ್ ಬಳಸಿ. ಅದು ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್) ಫಂಕ್ಷನ್, ಬಫರನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಒಂದು ಸಲ ಫ್ರೀ ಮಾಡಿದರೆ ಆಯಿತು. ಕೊನೆಯ ಸಾಲಿಗೆ ಹೊಸ ಸಾಲಿನ ಅಕ್ಷರ ಇಲ್ಲದಿರುವುದು ಮಾಮೂಲು, ಅದನ್ನು ತಪ್ಪು ಎನ್ನಬೇಡಿ.

ತುಂಡು ಮಾಡುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಪುಸ್ತಕಗಳೆಲ್ಲ ಸ್ಟ್ರ್‌ಟಾಕ್ ಹೇಳಿಕೊಡುತ್ತವೆ. ನಿಮ್ಮ ಕೆಲಸಕ್ಕೆ ಅದು ಬೇಡ. ಸಾಲಿನಲ್ಲಿ 12 ಕಾಮಾ ಕಾಮಾ 15 ಎಂದಿದ್ದರೆ, ಪಕ್ಕಪಕ್ಕದ ಎರಡು ಕಾಮಾವನ್ನು ಸ್ಟ್ರ್‌ಟಾಕ್ ಒಂದೇ ಎಂದು ಎಣಿಸುತ್ತದೆ. ನಡುವಿನ ಖಾಲಿ ದಿನ ಮಾಯ. 15 ಒಂದು ದಿನ ಮೊದಲೇ ಬಂದು ಕೂರುತ್ತದೆ. ಕಾಮಾ ಫೈಲಿನಲ್ಲಿ ಖಾಲಿ ಜಾಗಕ್ಕೂ ಅರ್ಥ ಇದೆ. ಟ್ಯಾಬ್ ಫೈಲಿನಲ್ಲೂ ಅಷ್ಟೇ. ಟ್ಯಾಬ್ ಕಣ್ಣಿಗೆ ಸ್ಪೇಸ್ ಥರ ಕಂಡರೂ ನಡವಳಿಕೆಯಲ್ಲಿ ಅದು ಕಾಮಾದ ಜಾತಿ. ಬರೀ ಸ್ಪೇಸ್ ಇರುವ ಫೈಲಿನಲ್ಲಿ ಮಾತ್ರ ಹತ್ತು ಸ್ಪೇಸ್ ಇದ್ದರೂ ಒಂದೇ ಗಡಿ. ಅಲ್ಲಿ ಖಾಲಿ ದಿನವನ್ನು ಖಾಲಿ ಬಿಟ್ಟಿದ್ದರೆ, ಅದು ಯಾವ ದಿನ ಎಂದು ಗಡಿ ನೋಡಿ ಹೇಳಲು ಸಾಧ್ಯವೇ ಇಲ್ಲ. ಅಂಕಣದ ಜಾಗ, ಅಂದರೆ ಸಾಲಿನ ಎಷ್ಟನೇ ಅಕ್ಷರದಲ್ಲಿದೆ ಎಂದು ನೋಡಿಯೇ ಹೇಳಬೇಕು.

ಸ್ಟ್ರ್‌ಟಾಕ್ ಬದಲು ಸ್ಟ್ರ್‌ಸಿಸ್ಪ್ಯಾನ್ ಇಟ್ಟುಕೊಳ್ಳಿ. ಮುಂದಿನ ಕಾಮಾವರೆಗೆ ಅಥವಾ ಸಾಲಿನ ಕೊನೆಯವರೆಗೆ ಎಷ್ಟು ಅಕ್ಷರ ಇವೆ ಎಂದು ಅದು ಹೇಳುತ್ತದೆ. ಸೊನ್ನೆ ಬಂದರೆ ಖಾಲಿ ತುಂಡು. ಮೂಲ ಸಾಲನ್ನು ಅದು ಕೆಡಿಸುವುದಿಲ್ಲ, ಹಾಗಾಗಿ ತಪ್ಪು ಸಿಕ್ಕಾಗ ಪೂರ್ತಿ ಸಾಲನ್ನು ಮುದ್ರಿಸಿ ತೋರಿಸಬಹುದು. ಸ್ಟ್ರ್‌ಟಾಕ್ ಬಳಸಿದರೆ ಅಷ್ಟರಲ್ಲಿ ಸಾಲು ಚೂರುಚೂರಾಗಿರುತ್ತದೆ.

ಯಾವ ಫೈಲಿಗೆ ಯಾವ ಗಡಿ ಎಂದು ಪ್ರೋಗ್ರಾಂ ಪ್ರತಿ ಸಾಲಿಗೂ ಊಹೆ ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಊಹೆ ಮಾಡುವ ಪ್ರೋಗ್ರಾಂ ಎಲ್ಲ ಫೈಲನ್ನೂ ಓದಿಬಿಡುತ್ತದೆ, ಕೆಲವನ್ನು ತಪ್ಪಾಗಿ. ಫೈಲಿನ ಜೊತೆ ಕಮ್ಯಾಂಡ್ ಸಾಲಿನಲ್ಲಿ ಕಾಮಾ, ಟ್ಯಾಬ್, ಸ್ಪೇಸ್, ಅಂಕಣ ಎಂದು ನೀವೇ ಹೇಳಿ. ನಾಲ್ಕು ಥರದ ಫೈಲಿಗೆ ನಾಲ್ಕು ಆಯ್ಕೆ.

ಅಂಕಣದ ಫೈಲು ಎಂದೆನಲ್ಲ, ಅದಕ್ಕೆ ಒಂದು ನಿಜವಾದ ಉದಾಹರಣೆ ನೋಡಿ. ನಿಮ್ಮ ಪ್ರಾಜೆಕ್ಟಿಗೂ ಬೇಕಾಗಬಹುದು. ಅಮೆರಿಕದ ಎನ್‌ಒಎಎ ಸಂಸ್ಥೆ ಜಗತ್ತಿನ ಕೇಂದ್ರಗಳ ದಿನದ ದಾಖಲೆಗಳನ್ನು ಜಿಎಚ್‌ಸಿಎನ್-ಡೈಲಿ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುತ್ತದೆ. ಭಾರತದ ಕೇಂದ್ರಗಳ ಗುರುತು ಐಎನ್ ಎಂಬ ಅಕ್ಷರಗಳಿಂದ ಶುರು. ಒಂದು ಸಾಲಿಗೆ ಒಂದು ತಿಂಗಳು, ಒಂದು ಸಾಲಿಗೆ 269 ಅಕ್ಷರ. ಮೊದಲ 11 ಅಕ್ಷರ ಕೇಂದ್ರ, ಮುಂದಿನ 4 ವರ್ಷ, 2 ತಿಂಗಳು, 4 ಅಕ್ಷರದಲ್ಲಿ ಅದು ಮಳೆಯೋ ಉಷ್ಣಾಂಶವೋ ಎಂಬ ಹೆಸರು. ಆಮೇಲೆ 31 ದಿನಕ್ಕೆ ಎಂಟೆಂಟು ಅಕ್ಷರದ ಗುಂಪು: 5 ಅಕ್ಷರ ಬೆಲೆಗೆ, 3 ಅಕ್ಷರ ಗುರುತುಗಳಿಗೆ. ಫೆಬ್ರವರಿಗೂ 31 ಗುಂಪು ಇರುತ್ತದೆ, ಇಲ್ಲದ ದಿನಗಳಿಗೆ -9999. ಮಳೆ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿದೆ, ಅಂದರೆ 254 ಎಂದರೆ 25.4 ಮಿ.ಮೀ. ಹತ್ತರಿಂದ ಭಾಗಿಸುವ ಮೊದಲೇ -9999 ಹೌದೇ ನೋಡಿ. ಪೂರ್ಣಾಂಕವಾಗಿದ್ದಾಗ ಹೋಲಿಸುವುದು ಸುಲಭ, ಅನುಮಾನವೂ ಇಲ್ಲ.

ಈ ಫೈಲನ್ನು ಸ್ಪೇಸ್ ನೋಡಿ ತುಂಡು ಮಾಡಿದರೆ ಕೆಟ್ಟಿತು. ಒಂದು ದಿನದ ಕೊನೆಯ ಗುರುತು ಮತ್ತು ಮರುದಿನದ -9999 ಅಂಟಿಕೊಂಡಿರುತ್ತವೆ. ಅಮೆರಿಕದ ಕೆಲವು ಕೇಂದ್ರಗಳಲ್ಲಿ ಆ ಗುರುತು 7 ಎಂಬ ಅಂಕಿಯೇ ಆಗಿರುತ್ತದೆ. ಆಗ 7-9999 ಎಂದು ಕಾಣುತ್ತದೆ, 7 ಮಳೆಯಾಗಿ ಒಳಗೆ ಬರುತ್ತದೆ. ಸರಿ, ಎಸ್‌ಸ್ಕ್ಯಾನ್‌ಎಫ್‌ಗೆ ಪರ್ಸೆಂಟ್ 5 ಡಿ ಎಂದು ಅಗಲ ಹೇಳಿದರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ಆಗುವುದಿಲ್ಲ. ಮುಂದಿರುವ ಸ್ಪೇಸ್‌ಗಳನ್ನು ಅದು ಅಗಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಐದೈದು ಅಕ್ಷರದ ಎರಡು ಅಂಕಣ ಅಂಟಿಕೊಂಡಿವೆ, ಮೊದಲನೆಯದರಲ್ಲಿ ಮೂರು ಸ್ಪೇಸ್ ಮತ್ತು 12, ಎರಡನೆಯದರಲ್ಲಿ 34567 ಎಂದುಕೊಳ್ಳಿ. ಪರ್ಸೆಂಟ್ 5 ಡಿ ಮೂರು ಸ್ಪೇಸ್ ದಾಟಿ, ಅಲ್ಲಿಂದ ಐದು ಅಂಕಿ ಎಣಿಸಿ, 12345 ಕೊಡುತ್ತದೆ. ಅಂಕಣದ ಫೈಲಿಗೆ ಒಂದೇ ದಾರಿ: ಮೊದಲು ಸಾಲಿನ ಉದ್ದ ನೋಡಿ, ಆಮೇಲೆ ಬೇಕಾದ ಐದು ಅಕ್ಷರವನ್ನು ಮೆಮ್‌ಕಾಪಿಯಿಂದ ಸಣ್ಣ ಬಫರಿಗೆ ತಂದು, ಕೊನೆಗೆ ಸೊನ್ನೆ ಬೈಟ್ ಹಾಕಿ, ಸಂಖ್ಯೆ ಮಾಡುವ ಫಂಕ್ಷನ್‌ಗೆ ಕೊಡುವುದು.

ಸಂಖ್ಯೆ ಮಾಡುವ ಫಂಕ್ಷನ್ ಈ ಇಡೀ ಕೆಲಸದ ಜೀವ. ಅದಕ್ಕೆ ಒಂದು ತುಂಡು ಕೊಡುತ್ತೀರಿ. ಅದು ಮೂರರಲ್ಲಿ ಒಂದು ಉತ್ತರ ಕೊಡಬೇಕು: ಸಂಖ್ಯೆ ಸಿಕ್ಕಿತು, ಅಳತೆ ಇಲ್ಲ, ಅಥವಾ ತುಂಡು ಅರ್ಥವಾಗಲಿಲ್ಲ. ಎರಡೇ ಉತ್ತರ ಇಟ್ಟುಕೊಂಡವರು ಕೊನೆಗೆ ಅರ್ಥವಾಗದ್ದನ್ನೆಲ್ಲ ಅಳತೆ ಇಲ್ಲ ಎಂಬ ಚೀಲಕ್ಕೆ ಹಾಕುತ್ತಾರೆ. ಆಗ 12.5ರ ಬದಲು 12..5 ಎಂದು ಯಾರೋ ಟೈಪ್ ಮಾಡಿದ್ದು ಕಾಣೆಯಾದ ದಿನ ಆಗಿಬಿಡುತ್ತದೆ.

ಎಟಾಫ್ ಬಳಸಲೇಬೇಡಿ. ತುಂಡು ಸಂಖ್ಯೆಯಿಂದ ಶುರುವಾಗದಿದ್ದರೆ ಅದು ಸುಮ್ನೆ 0 ಕೊಡುತ್ತದೆ. ಮಳೆಯ ಫೈಲಿನಲ್ಲಿ 0 ಎಂದರೆ ಒಣ ದಿನ. ಬದಲಿಗೆ ಸ್ಟ್ರ್‌ಟುಡಿ. ಅದು ಸಂಖ್ಯೆಯ ಜೊತೆಗೆ ಎಲ್ಲಿ ನಿಂತೆ ಎಂಬ ಪಾಯಿಂಟರನ್ನೂ ಕೊಡುತ್ತದೆ, ನಮಗೆ ಬೇಕಾದದ್ದೇ ಅದು. ಪಾಯಿಂಟರ್ ಶುರುವಿನಲ್ಲೇ ಇದ್ದರೆ ಸಂಖ್ಯೆ ಇರಲಿಲ್ಲ. ತುಂಡಿನ ಕೊನೆಗೆ ಹೋಗಿದ್ದರೆ ಎಲ್ಲ ಸರಿ. ನಡುವೆ ನಿಂತಿದ್ದರೆ ಬಾಲ ಇದೆ. ಬಾಲ ನಿಮಗೆ ಗೊತ್ತಿರುವ ಗುರುತಾದರೆ ದಾಖಲಿಸಿಕೊಳ್ಳಿ, ಗೊತ್ತಿಲ್ಲದ್ದಾದರೆ ಅರ್ಥವಾಗಲಿಲ್ಲ ಎನ್ನಿ.

ನಿಮ್ಮ ಫೈಲಿನಲ್ಲಿ ಇ ಅಕ್ಷರ ಇದೆ ಎಂದಿರಿ. ಅಂದಾಜು ಮಾಡಿ ತುಂಬಿದ ಅಂಕಿಗೆ ಹೀಗೆ ಬಾಲ ಹಚ್ಚುವುದುಂಟು: 12.5 ಆದ ಮೇಲೆ ಸ್ಪೇಸ್ ಇಲ್ಲದೆ ಇ. ಇಲ್ಲಿ ಎಫ್‌ಸ್ಕ್ಯಾನ್‌ಎಫ್‌ಗೂ ಸ್ಟ್ರ್‌ಟುಡಿಗೂ ಇರುವ ಒಂದು ವ್ಯತ್ಯಾಸ ಗೊತ್ತಿರಲಿ. ಇ ಎಂದರೆ ಹತ್ತರ ಘಾತ ಶುರುವಾಗಬಹುದು. ಸ್ಟ್ಯಾಂಡರ್ಡ್ ಪ್ರಕಾರ ಎಫ್‌ಸ್ಕ್ಯಾನ್‌ಎಫ್ ಅದನ್ನೂ ಓದಿಕೊಳ್ಳುತ್ತದೆ, ಮುಂದೆ ಅಂಕಿ ಇಲ್ಲ ಎಂದು ಗೊತ್ತಾದಾಗ ಹಿಂದೆ ಬರಲಾಗದೆ ಪೂರ್ತಿ ಸೋಲುತ್ತದೆ. 12.5 ಕೂಡ ಹೋಯಿತು. ಸಿ ಸ್ಟ್ಯಾಂಡರ್ಡ್‌ನಲ್ಲೇ ಇದಕ್ಕೆ ಉದಾಹರಣೆ ಇದೆ: 100 ಎಂಬ ಅಂಕಿಗೆ ಎರ್ಗ್ಸ್ ಎಂಬ ಇಂಗ್ಲಿಷ್ ಪದ ಅಂಟಿದ್ದರೆ ಓದು ಸೋಲುತ್ತದೆ ಎಂದು. ಸ್ಟ್ರ್‌ಟುಡಿಯ ಕೈಯಲ್ಲಿ ಪೂರ್ತಿ ಸ್ಟ್ರಿಂಗ್ ಇರುತ್ತದೆ. ಅದು 12.5 ಕೊಟ್ಟು, ಇ ಮೇಲೆ ಬೆರಳಿಟ್ಟು ನಿಲ್ಲುತ್ತದೆ.

ಸ್ಟ್ರ್‌ಟುಡಿ ಮಿತಿಮೀರಿ ಉದಾರಿ ಕೂಡ ಹೌದು. ಸಿ99 ಎಂಬ 1999ರ ಸ್ಟ್ಯಾಂಡರ್ಡ್‌ನಿಂದ ಅದು ಅನಂತ ಎಂಬರ್ಥದ ಇನ್ಫ್, ಇನ್ಫಿನಿಟಿ, ಸಂಖ್ಯೆಯೇ ಅಲ್ಲ ಎಂಬರ್ಥದ ನ್ಯಾನ್ ಎಂಬ ಪದಗಳನ್ನೂ, 0ಎಕ್ಸ್ ಎಂದು ಶುರುವಾಗುವ ಹದಿನಾರರ ಲೆಕ್ಕವನ್ನೂ ಸಂಖ್ಯೆ ಎಂದೇ ಒಪ್ಪುತ್ತದೆ. ಒಂದು ನ್ಯಾನ್ ಒಳಗೆ ನುಸುಳಿದರೆ ವರ್ಷದ ಮೊತ್ತವೇ ನ್ಯಾನ್. ಆದ್ದರಿಂದ ಬಂದ ಬೆಲೆಯನ್ನು ಈಸ್‌ಫೈನೈಟ್‌ನಿಂದ ಪರೀಕ್ಷಿಸಿ. ತಪ್ಪಿನ ಕೋಡ್ ಇಡುವ ಎರ್‌ನೋವನ್ನು ಪ್ರತಿ ಸಲ ಸ್ಟ್ರ್‌ಟುಡಿ ಕರೆಯುವ ಮುಂಚೆ ನೀವೇ ಸೊನ್ನೆ ಮಾಡಿ, ಅದು ತಾನಾಗಿ ಸೊನ್ನೆಯಾಗುವುದಿಲ್ಲ. ಸಂಖ್ಯೆ ಡಬಲ್‌ನಲ್ಲಿ ಹಿಡಿಯದಷ್ಟು ದೊಡ್ಡದಾದರೆ ಅದರಲ್ಲಿ ಇರೇಂಜ್ ಎಂಬ ಕೋಡ್ ಬರುತ್ತದೆ. ತೀರಾ ಸಣ್ಣದಾದರೂ ಕೆಲವು ಲೈಬ್ರರಿಗಳಲ್ಲಿ ಅದೇ ಬರುತ್ತದೆ, ಅದನ್ನು ತಪ್ಪು ಎನ್ನಬೇಕಾಗಿಲ್ಲ.

ವರ್ಷ, ತಿಂಗಳು ಓದಲು ಸ್ಟ್ರ್‌ಟುಎಲ್ ಬಳಸಿ, ಬೇಸ್ (ಎಷ್ಟರ ಲೆಕ್ಕ ಎಂಬುದು) 10 ಎಂದೇ ಕೊಡಿ. 0 ಕೊಟ್ಟರೆ ಸೊನ್ನೆಯಿಂದ ಶುರುವಾದದ್ದನ್ನೆಲ್ಲ ಎಂಟರ ಲೆಕ್ಕ ಎಂದು ತಿಳಿಯುತ್ತದೆ. 07 ಸರಿ ಹೋಗುತ್ತದೆ, 08 ಮತ್ತು 09 ಹೋಗುವುದಿಲ್ಲ, ಯಾಕೆಂದರೆ ಆ ಲೆಕ್ಕದಲ್ಲಿ 8, 9 ಇಲ್ಲವೇ ಇಲ್ಲ. ಪರ್ಸೆಂಟ್ ಐ ಬಳಸಿದರೂ ಇದೇ ಗತಿ. ಜುಲೈವರೆಗೆ ಸರಿ ಓಡಿ ಆಗಸ್ಟ್‌ನಲ್ಲಿ ಬೀಳುವ ಪ್ರೋಗ್ರಾಂ ನೋಡಿದರೆ ಮೊದಲು ಇದನ್ನೇ ಹುಡುಕಿ.

ಅಂಕಿ ಓದುವುದು ಸುಲಭ ಅಲ್ವಾ, ನಾನೇ ಹತ್ತರಿಂದ ಗುಣಿಸುತ್ತಾ ಬರೆದುಕೊಳ್ಳುತ್ತೇನೆ ಎನ್ನುವವರಿದ್ದಾರೆ. ಪೂರ್ಣಾಂಕಕ್ಕೆ ಸರಿ, ದಶಮಾಂಶಕ್ಕೆ ಬೇಡ. ಹತ್ತರ ಲೆಕ್ಕದ ಭಿನ್ನವನ್ನು ಎರಡರ ಲೆಕ್ಕಕ್ಕೆ ಸರಿಯಾಗಿ ತರುವುದು ಕಷ್ಟದ ಕೆಲಸ. 2011ರ ಜನವರಿಯಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಒಂದೇ ಒಂದು ಸಂಖ್ಯೆ ಕೊಟ್ಟರೆ ಸರ್ವರ್ ಅನಂತ ಲೂಪಿಗೆ ಬೀಳುತ್ತದೆ ಎಂದು ಬೆಳಕಿಗೆ ಬಂತು. 2.2250738585072011 ಗುಣಿಸು ಹತ್ತರ ಮೈನಸ್ 308ನೇ ಘಾತ, ಅಷ್ಟೇ. ಸ್ವಲ್ಪ ದಿನದಲ್ಲೇ ಜಾವಾದಲ್ಲೂ ಹೆಚ್ಚುಕಡಿಮೆ ಇದೇ ಸಂಖ್ಯೆಗೆ ಇಂಥದೇ ತೊಂದರೆ ಸಿಕ್ಕಿತು. ಅನುಭವಿಗಳೇ ಅಲ್ಲಿ ಜಾರಿದ್ದಾರೆ.

ಇನ್ನು ಬೈಟುಗಳ ಕಾಟ. ವರ್ಡ್‌ನಿಂದಲೋ ಪಿಡಿಎಫ್‌ನಿಂದಲೋ ಕಾಪಿ ಮಾಡಿ ತಂದ ಅಂಕಿಗಳಲ್ಲಿ ಮೈನಸ್ ಕಂಡರೂ ಅದು ಕೀಬೋರ್ಡಿನ ಮೈನಸ್ ಆಗಿರುವುದಿಲ್ಲ. ಯೂನಿಕೋಡ್‌ನ ಗಣಿತದ ಮೈನಸ್ ಯುಟಿಎಫ್-8 ಎಂಬ ಬರೆಯುವ ಪದ್ಧತಿಯಲ್ಲಿ 226, 136, 146 ಎಂಬ ಮೂರು ಬೈಟ್. ಸಾಲು ಮುರಿಯದ ಸ್ಪೇಸ್ 194, 160 ಎಂಬ ಎರಡು ಬೈಟ್. ಫೈಲಿನ ಮೊದಲಿಗೆ 239, 187, 191 ಇದ್ದರೆ ಅದು ಬಿಒಎಂ, ಅಂದರೆ ಬರೆಯುವ ಪದ್ಧತಿ ಸೂಚಿಸುವ ಗುರುತು, ದಾಟಿಬಿಡಿ. ಇಲ್ಲದಿದ್ದರೆ ಮೊದಲ ಸಾಲಿನ ಕೇಂದ್ರದ ನಂಬರು ಮಾತ್ರ ಯಾಕೆ ಓದುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ. ಮೊದಲ ಎರಡು ಬೈಟ್ 255, 254 ಆದರೆ ಫೈಲು ಯುಟಿಎಫ್-16. ಅದರಲ್ಲಿ ಪ್ರತಿ ಅಂಕಿಯ ಪಕ್ಕ ಒಂದು ಸೊನ್ನೆ ಬೈಟ್ ಇರುತ್ತದೆ, ಸಿ ಸ್ಟ್ರಿಂಗ್ ಅಲ್ಲೇ ಮುಗಿದುಹೋಗುತ್ತದೆ. ಅದನ್ನು ಸಿಯಲ್ಲಿ ಸಂಭಾಳಿಸಲು ಹೋಗಬೇಡಿ, ಐಕಾನ್ವ್ ಕಮ್ಯಾಂಡಿನಿಂದ ಬದಲಿಸಿಕೊಂಡು ಬನ್ನಿ.

ಇಂಥ ಬೈಟುಗಳಿರುವ ಕಡೆ ಈಸ್‌ಸ್ಪೇಸ್‌ಗೆ ಕ್ಯಾರ್ ಅನ್ನು ನೇರವಾಗಿ ಕೊಡುವುದು ಅಪಾಯ. ಬಹಳ ಯಂತ್ರಗಳಲ್ಲಿ ಕ್ಯಾರ್‌ಗೆ ಚಿಹ್ನೆ ಇದೆ, 226 ಎಂಬುದು -30 ಆಗುತ್ತದೆ. ಆ ಬೆಲೆಗೆ ಈಸ್‌ಸ್ಪೇಸ್ ಏನು ಮಾಡುತ್ತದೆ ಎಂದು ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಅನ್‌ಸೈನ್ಡ್ ಕ್ಯಾರ್‌ಗೆ ಬದಲಿಸಿ ಕೊಡಿ.

ನಮ್ಮ ಕಡೆಯ ಎರಡು ವಿಶೇಷ. ಹಳೆಯ ಕನ್ನಡ ಕಡತಗಳನ್ನು ಟೈಪ್ ಮಾಡಿಸಿದ್ದರೆ ಕನ್ನಡ ಅಂಕಿಗಳೇ ಬರಬಹುದು. ಸ್ಟ್ರ್‌ಟುಡಿಗೆ ೧೨.೫ ಸಂಖ್ಯೆ ಅಲ್ಲ. ಆದರೆ ಬದಲಿಸುವುದು ಸುಲಭ: ೦ಯಿಂದ ೯ರವರೆಗೆ ಎಲ್ಲಕ್ಕೂ ಮೊದಲೆರಡು ಬೈಟ್ 224, 179, ಮೂರನೆಯದು 166ರಿಂದ 175. ಮೂರನೆಯದರಿಂದ 166 ಕಳೆದು ಇಂಗ್ಲಿಷ್ ಸೊನ್ನೆಯ ಕೋಡಿಗೆ ಕೂಡಿಸಿದರೆ ಮುಗಿಯಿತು. ಎರಡನೆಯದು ಲಕ್ಷದ ಕಾಮಾ. 1,23,456 ಎಂಬುದು ಟ್ಯಾಬ್ ಫೈಲಿನಲ್ಲಿದ್ದರೆ ಕಾಮಾ ತೆಗೆದು ಓದಬಹುದು, ಕೊನೆಯ ಗುಂಪಿನಲ್ಲಿ ಮೂರು ಅಂಕಿ ಇವೆಯೇ ಎಂದು ನೋಡಿಕೊಂಡು. ಕಾಮಾ ಫೈಲಿನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಹೀಗೆ ಬರೆದಿದ್ದರೆ ಯಾವ ಪ್ರೋಗ್ರಾಮೂ ಬಿಡಿಸಲಾರದು. ಫೈಲು ಕೊಟ್ಟವರನ್ನೇ ಕೇಳಬೇಕು.

ಯುರೋಪಿನ ಫೈಲುಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಕಾಮಾ ಇರುತ್ತದೆ. ಜರ್ಮನ್ ಸೆಟ್ಟಿಂಗಿನ ಎಕ್ಸೆಲ್ 12,5 ಎಂದು ಬರೆದು, ತುಂಡುಗಳ ನಡುವೆ ಸೆಮಿಕೋಲನ್ ಹಾಕುತ್ತದೆ. ಸ್ಟ್ರ್‌ಟುಡಿ ಯಾವುದನ್ನು ಒಪ್ಪುತ್ತದೆ ಎಂಬುದು ಪ್ರೋಗ್ರಾಮಿನ ಲೊಕೇಲ್ (ದೇಶ, ಭಾಷೆಯ ಸೆಟ್ಟಿಂಗ್) ಮೇಲೆ ನಿಂತಿದೆ. ನೀವು ಸೆಟ್‌ಲೊಕೇಲ್ ಕರೆಯದಿದ್ದರೆ ಚುಕ್ಕಿಯೇ. ಆದರೆ ಕಿಟಕಿ, ಬಟನ್ ತೋರಿಸುವ ಜಿಟಿಕೆಯಂಥ ಲೈಬ್ರರಿ ಸೇರಿಸಿದರೆ ಅದು ನಿಮ್ಮ ಪರವಾಗಿ ಸೆಟ್‌ಲೊಕೇಲ್ ಕರೆಯುತ್ತದೆ. ಬೆಂಗಳೂರಿನಲ್ಲಿ ಸರಿ ಓಡಿದ ಪ್ರೋಗ್ರಾಂ ಜರ್ಮನಿಯ ಗೆಳೆಯರ ಲ್ಯಾಪ್‌ಟಾಪಿನಲ್ಲಿ 12.5ನ್ನು 12 ಎಂದು ಓದಿ ಚುಕ್ಕಿಯ ಬಳಿ ನಿಲ್ಲುತ್ತದೆ. ನಿಂತ ಪಾಯಿಂಟರ್ ಪರೀಕ್ಷಿಸುತ್ತಿದ್ದರೆ ಕೂಡಲೇ ಗೊತ್ತಾಗುತ್ತದೆ.

ಹವಾಮಾನದ ಕೆಲಸದಲ್ಲಿ ಫೋರ್ಟ್ರಾನ್ ಬರೆದ ಫೈಲುಗಳೂ ಸಿಗುತ್ತವೆ. ಅಲ್ಲಿ ಘಾತಕ್ಕೆ ಇ ಬದಲು ಡಿ ಬರಬಹುದು: 1.5ಡಿ+03. ಡಿ ಇದ್ದಲ್ಲಿ ಇ ಹಾಕಿ ಓದಿ. ಘಾತ ಮೂರು ಅಂಕಿಯದಾದರೆ ಫೋರ್ಟ್ರಾನ್ ಅಕ್ಷರವನ್ನೇ ಬಿಟ್ಟು 0.1000-100 ಎಂದು ಬರೆಯುವುದುಂಟು. ಸ್ಪೇಸ್ ನೋಡದೆ ಸುಮ್ನೆ ಸ್ಟ್ರ್‌ಟುಡಿ ಓಡಿಸುತ್ತಾ ಹೋದರೆ ಇದು 0.1 ಮತ್ತು -100 ಎಂಬ ಎರಡು ಸಂಖ್ಯೆಯಾಗುತ್ತದೆ. ಅಂಕಣದಲ್ಲಿ ಹಿಡಿಯದ ಸಂಖ್ಯೆಗೆ ಅದು ಸಾಲಾಗಿ ನಕ್ಷತ್ರ ಹಾಕುತ್ತದೆ. ಅದನ್ನು ಅಳತೆ ಇಲ್ಲ ಎಂದು ತಿಳಿಯಬೇಡಿ. ಅಳತೆ ಇತ್ತು, ಬರೆಯಲು ಜಾಗ ಸಾಲಲಿಲ್ಲ.

ಓದಿದ ಬೆಲೆಗಳನ್ನು ಇಡುವ ರೀತಿ. ಪ್ರತಿ ಸಾಲಿಗೂ ಮಲಾಕ್‌ನಿಂದ ಬೇರೆ ಮೆಮೊರಿ ಕೇಳಬೇಡಿ. ಎಲ್ಲ ಬೆಲೆಗೂ ಒಂದೇ ಉದ್ದ ಅರೇ, ಪ್ರತಿ ಸಾಲು ಅದರಲ್ಲಿ ಎಲ್ಲಿಂದ ಶುರು ಎಂಬುದಕ್ಕೆ ಇನ್ನೊಂದು ಅರೇ. ತುಂಬಿದಾಗ ರಿಯಾಲಕ್‌ನಿಂದ ಎರಡರಷ್ಟು ಮಾಡಿ, ಅದರ ಉತ್ತರವನ್ನು ಮೊದಲು ಬೇರೆ ಪಾಯಿಂಟರಿಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಮೆಮೊರಿ ಸಿಗದಾಗ ಹಳೆಯದೂ ಕೈತಪ್ಪುತ್ತದೆ. ಅಳತೆ ಇಲ್ಲದ ದಿನಕ್ಕೆ ನ್ಯಾನ್ ಇಡುವವರು ಬಹಳ ಜನ. ನಾನು ಮೂರನೆಯ ಸಣ್ಣ ಅರೇ ಇಟ್ಟು, ಬೆಲೆ ಇದೆಯೋ ಇಲ್ಲವೋ ಎಂದು ಅದರಲ್ಲಿ ಬರೆಯುತ್ತೇನೆ. ವೇಗ ಬೇಕೆಂದು ಜಿಸಿಸಿ ಕಂಪೈಲರ್‌ಗೆ ಫಾಸ್ಟ್-ಮ್ಯಾತ್ ಆಯ್ಕೆ ಕೊಟ್ಟರೆ, ನ್ಯಾನ್ ಎಂಬುದೇ ಇಲ್ಲ ಎಂದು ಕಂಪೈಲರ್ ನಂಬಿಕೊಂಡು ಈಸ್‌ನ್ಯಾನ್ ಪರೀಕ್ಷೆಗಳನ್ನೇ ಕಿತ್ತುಹಾಕಬಹುದು. ಸಣ್ಣ ಅರೇಗೆ ಆ ಭಯವಿಲ್ಲ.

ತಪ್ಪು ಸಿಕ್ಕಾಗ ಫೈಲಿನ ಹೆಸರು, ಸಾಲಿನ ನಂಬರು, ಎಷ್ಟನೇ ಅಕ್ಷರ, ಸಿಕ್ಕ ತುಂಡು, ಈ ನಾಲ್ಕನ್ನೂ ಮುದ್ರಿಸಿ. ನಡುವೆ ಕೋಲನ್ ಹಾಕಿದರೆ ವಿಮ್, ಇಮ್ಯಾಕ್ಸ್‌ನಂಥ ಎಡಿಟರುಗಳು ಕಂಪೈಲರ್ ತಪ್ಪಿನಂತೆಯೇ ಅದನ್ನು ಓದಿ ಆ ಜಾಗಕ್ಕೆ ನೆಗೆಯುತ್ತವೆ. ಮೊದಲ ತಪ್ಪಿಗೇ ನಿಲ್ಲಬೇಡಿ, ಎಲ್ಲವನ್ನೂ ಹೇಳಿ ಕೊನೆಗೆ ಸೋತೆ ಎಂದು ಹೊರಬನ್ನಿ. ಒಂದೊಂದೇ ತಪ್ಪು ತಿದ್ದಿ ಮತ್ತೆ ಮತ್ತೆ ಓಡಿಸುವಷ್ಟು ಪುರುಸೊತ್ತು ಯಾರಿಗಿದೆ?

ವೇಗದ ಬಗ್ಗೆ ಒಂದೇ ಎಚ್ಚರಿಕೆ. ಇಡೀ ಫೈಲನ್ನು ಒಂದೇ ಸ್ಟ್ರಿಂಗಿಗೆ ತಂದು, ಅದರ ಮೇಲೆ ಎಸ್‌ಸ್ಕ್ಯಾನ್‌ಎಫ್ ಓಡಿಸುತ್ತಾ ಮುಂದೆ ಹೋಗಬೇಡಿ. ಹಲವು ಲೈಬ್ರರಿಗಳಲ್ಲಿ ಅದು ಪ್ರತಿ ಸಲ ಕರೆದಾಗಲೂ ಸ್ಟ್ರಿಂಗ್ ಎಷ್ಟು ಉದ್ದ ಎಂದು ಕೊನೆಯವರೆಗೆ ಅಳೆಯುತ್ತದೆ. 2021ರಲ್ಲಿ ಜಿಟಿಎ ಆನ್‌ಲೈನ್ ಆಟ ಶುರುವಾಗಲು ನಿಮಿಷಗಟ್ಟಲೆ ಹಿಡಿಯುವುದೇಕೆ ಎಂದು ಹೊರಗಿನ ಪ್ರೋಗ್ರಾಮರ್ ಒಬ್ಬರು ಬಿಚ್ಚಿ ನೋಡಿದರು. ಸುಮಾರು 63 ಸಾವಿರ ಸಾಮಾನುಗಳ ಪಟ್ಟಿ ಇದ್ದ 10 ಎಂಬಿಯ ಜೇಸನ್ ಫೈಲನ್ನು ಎಸ್‌ಸ್ಕ್ಯಾನ್‌ಎಫ್ ಹೀಗೆ ಓದುತ್ತಿತ್ತು. ಅದೊಂದನ್ನೂ, ಪಟ್ಟಿಯಲ್ಲಿ ಹುಡುಕುವ ಇನ್ನೊಂದು ನಿಧಾನದ ರೀತಿಯನ್ನೂ ಸರಿಪಡಿಸಿದಾಗ ಕಾಯುವ ಹೊತ್ತು ಸುಮಾರು 70 ಪರ್ಸೆಂಟ್ ಇಳಿಯಿತು. ಆಟದ ಕಂಪನಿಯೂ ಮುಂದೆ ಅದನ್ನು ಒಪ್ಪಿ ಸರಿಪಡಿಸಿತು. ಸಾಲು ಸಾಲಾಗಿ ಓದಿ ಸ್ಟ್ರ್‌ಟುಡಿ ಬಳಸುವ ನಿಮಗೆ ಈ ತೊಂದರೆ ಬರುವುದಿಲ್ಲ.

ಈಗ ಪೈಥಾನ್. ಒಂದು ಸಲ ಓದಿ ಗ್ರಾಫ್ ಹಾಕಿ ಮುಗಿಸುವುದಾದರೆ ಖಂಡಿತ ಹೋಗಿ, ಟೇಬಲ್ ಓದುವ ಪಾಂಡಾಸ್ ಲೈಬ್ರರಿ ಚೆನ್ನಾಗಿದೆ. ಅದರ ಮಾಮೂಲಿ ಸಿಎಸ್‌ವಿ ಓದುವ ಭಾಗ ಒಳಗೆ ಸಿಯಲ್ಲೇ ಬರೆದದ್ದು. ಆದರೆ ಅಲ್ಲಿಯೂ -99.9 ಎಂದರೆ ಅಳತೆ ಇಲ್ಲ ಎಂದು ನೀವೇ ಹೇಳಬೇಕು. ಖಾಲಿ, ಎನ್‌ಎ ಇವನ್ನು ಅದು ತಾನೇ ಅರ್ಥ ಮಾಡಿಕೊಳ್ಳುತ್ತದೆ, ಒಂಟಿ ಅಡ್ಡಗೆರೆಯನ್ನು ಮಾಡಿಕೊಳ್ಳುವುದಿಲ್ಲ. ಆ ಅಂಕಣವನ್ನೇ ಪಠ್ಯ ಎಂದು ತಿಳಿಯುತ್ತದೆ. ಮುಂದಿನ ಲೆಕ್ಕ, ಮಾಡೆಲ್ ಎಲ್ಲ ಸಿಯಲ್ಲೇ ಇದ್ದರೆ, ಅಥವಾ ಹೊಲದಲ್ಲಿ ಇಡುವ ಸಣ್ಣ ಬೋರ್ಡಿನ ಮೇಲೆ ಓಡಬೇಕಾದರೆ, ಸಿಯಲ್ಲೇ ಇರಿ. ಮೇಲೆ ಹೇಳಿದ ಮೂರು ಫಂಕ್ಷನ್ ಸೇರಿ ಇನ್ನೂರು ಸಾಲು ದಾಟುವುದಿಲ್ಲ. ಬರೆದ ಮೇಲೆ ಕಂಪೈಲರ್‌ಗೆ, ಪ್ರೋಗ್ರಾಂ ಓಡುವಾಗಲೇ ತಪ್ಪು ಹಿಡಿಯುವ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ ಎರಡನ್ನೂ ಹಾಕಲು ಹೇಳಿ, ಬೇಕಂತಲೇ ಕೆಡಿಸಿದ ಫೈಲುಗಳನ್ನು ಕೊಟ್ಟು ನೋಡಿ: ಪೂರ್ತಿ ಖಾಲಿ ಫೈಲು, ಬರೀ ಕಾಮಾಗಳ ಸಾಲು, ಹತ್ತು ಸಾವಿರ ಅಕ್ಷರದ ಸಾಲು, ಕೊನೆಯಲ್ಲಿ ಹೊಸ ಸಾಲಿಲ್ಲದ ಫೈಲು, ಮತ್ತು ನಡುವೆ ಒಂದು ಅಂಕಿ ಕಿತ್ತ ಜುಲೈ ಸಾಲು. ಕೊನೆಯದಕ್ಕೆ ನಿಮ್ಮ ಪ್ರೋಗ್ರಾಂ ದೂರು ಹೇಳದಿದ್ದರೆ, ಆ ತಿಂಗಳಿಗೆ ಎಷ್ಟು ದಿನ ಇರಬೇಕು ಎಂಬ ಪರೀಕ್ಷೆ ಬಿಟ್ಟುಹೋಗಿದೆ ಎಂದರ್ಥ. ಫೆಬ್ರವರಿ 29ನ್ನೂ ಅಲ್ಲೇ ಸೇರಿಸಿಬಿಡಿ.